ಅಂಗೈಗೆ ಹಿಡಿದ ಡೀಸೆಲ್ ಮಂಜು

ನನಗೆ ಆಗ ಇಪ್ಪತ್ತೊಂಬತ್ತು ವರ್ಷ. ಆ ಮಾತಿಗೆ ಈಗ ನಲವತ್ತು ವರ್ಷದ ಮೇಲಾಯಿತು. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಯಲ್ಲಿ ಒಂದು ಶೆಡ್ಡಿತ್ತು. ಲಾರಿ, ಟ್ರ್ಯಾಕ್ಟರ್, ನೀರೆತ್ತುವ ಎಂಜಿನ್ನು, ಇವುಗಳ ಡೀಸೆಲ್ ಪಂಪು ಮತ್ತು ಎಂಜಿನ್ನಿನೊಳಗೆ ಡೀಸೆಲ್ ಎಣ್ಣೆ ಸಿಂಪಡಿಸುವ ನಾಝಲ್ ದುರಸ್ತಿ ಮಾಡುವ ಜಾಗ. ನಾನು ಅಲ್ಲಿ ಕೆಲಸಕ್ಕಿದ್ದೆ. ನನಗೆ ಕೆಲಸ ಕಲಿಸಿದ ಇಮಾಮ್‌ಸಾಬ್ ಉಸ್ತಾದರ ಬಲಗೈ ಆ ವರ್ಷ ಹೋಗಿಯೇಬಿಡುತ್ತಿತ್ತು. ಕೈ ಕೊಂಡೊಯ್ಯಲು ಬಂದದ್ದು ಬೆಲ್ಟಲ್ಲ, ಸುತ್ತಿಗೆಯಲ್ಲ. ಕಣ್ಣಿಗೆ ಬೀಳದಷ್ಟು ಸಣ್ಣ ಎಣ್ಣೆಯ ಹನಿ.

ಈಗ ಕೋರ್ಸು ಮುಗಿಸಿ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಕಂಪ್ಯೂಟರ್ ನೋಡಿ ನಾಝಲ್ ಪಾಸು ಮಾಡುತ್ತಾರೆ. ಒಳ್ಳೆಯದೇ. ಆದರೆ ಹನಿ ಎಂದರೆ ಏನು ಎಂಬುದು ಪರದೆ ನೋಡಿದರೆ ತಿಳಿಯುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೆಯ ಇಯತ್ತೆ. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ, ವಿಷಯ ತಪ್ಪಿಲ್ಲ.

ಮೊದಲು ನಾನು ಖಾನಾಪುರದ ಹತ್ತಿರ ಹೆಂಚಿನ ಭಟ್ಟಿಯಲ್ಲಿದ್ದೆ. ಸುಟ್ಟ ಹೆಂಚನ್ನು ಬೆರಳ ಗಿಣ್ಣಿನಿಂದ ಬಡಿದು ನೋಡಿ ಬೇರೆ ಬೇರೆ ಇಡುವ ಕೆಲಸ. ಠಣ್ ಎಂದರೆ ಒಳ್ಳೆಯದು, ಡಬ್ ಎಂದರೆ ಒಡಕು. ಗಂಡ ತೀರಿಕೊಂಡ. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅಕ್ಕನ ಮನೆಗೆಂದು ಬೆಳಗಾವಿಗೆ ಬಂದೆ. ಶೆಡ್ಡಿನ ಮಾಲೀಕರು ರುದ್ರಪ್ಪ ಸಾವಕಾರರು, ಹಿಂದವಾಡಿಯವರು. ಕಸ ಹೊಡೆಯಲು, ಸಾಮಾನು ತೊಳೆಯಲು ಒಬ್ಬಳು ಬೇಕಿತ್ತು, ನನ್ನನ್ನು ಇಟ್ಟುಕೊಂಡರು.

ಅಲ್ಲಿ ದೊಡ್ಡವರು ಎಂದರೆ ಉಸ್ತಾದರೇ. ಸಾವಕಾರರು ಕೂಡ ಅವರ ಬೆಂಚಿನ ಹತ್ತಿರ ಬಂದಾಗ ಬೀಡಿ ಆರಿಸುತ್ತಿದ್ದರು. ಉಸ್ತಾದರ ಮನೆ ಊರಿನ ಕ್ಯಾಂಪ್ ಭಾಗದಲ್ಲಿ. ಬಿಳಿ ಗಡ್ಡ, ಯಾವಾಗಲೂ ಇಸ್ತ್ರಿ ಮಾಡಿದ ಅಂಗಿ. ಡೀಸೆಲ್ ಕೆಲಸದಲ್ಲಿ ಇಸ್ತ್ರಿಯ ಅಂಗಿ ತೊಟ್ಟು ಸಂಜೆ ಹಾಗೇ ಮನೆಗೆ ಹೋಗುವ ಇನ್ನೊಬ್ಬ ಮನುಷ್ಯನನ್ನು ನಾನು ನೋಡಿಲ್ಲ.

ಮೊದಲ ದಿನವೇ ನನ್ನ ಮುಂದೆ ಒಂದು ನಾಝಲ್ ಬಿಚ್ಚಿಟ್ಟರು. ಹೆಬ್ಬೆಟ್ಟಿನಷ್ಟು ಉದ್ದದ ಉಕ್ಕಿನ ಮೈ. ಅದರೊಳಗೆ ಒಂದು ಸೂಜಿ. ಮೈಯ ತುದಿಯಲ್ಲಿ ಕೂದಲಿನಷ್ಟು ಸಣ್ಣ ತೂತುಗಳು.

"ನೀಲವ್ವಾ, ಈ ಸೂಜಿ ಈ ಮನಿದು. ಬ್ಯಾರೆ ಮನ್ಯಾಗ ಹಾಕಿದ್ರ ಬಾಳೇ ಮಾಡೂದಿಲ್ಲ. ಇಬ್ಬರನ್ನೂ ಕೂಡಿಸಿ ಮಸದಾರ. ತೊಳಿಯೂ ಮುಂದ ಒಂದ ಜೋಡಿಗೆ ಒಂದ ವಾಟಿ. ತಿಳೀತ?"

"ತಿಳೀತ್ರಿ, ಜೋಡಿಗೊಂದು ಬಟ್ಟಲಾ. ಒರಸೂದು ಯಾತರಿಂದ?"

"ಒರಸಬ್ಯಾಡ. ಅರಿವ್ಯಾಗಿನ ಒಂದ ಎಳಿ ಸಿಕ್ಕರ ಸಾಕು, ಸೂಜಿ ಸಿಗೀಬೀಳ್ತೈತಿ. ತೊಳಿ, ಝಾಡಿಸು, ಎಣ್ಣ್ಯಾಗ ಅದ್ದಿಡು. ಗಂಡಸರಿಗೆ ಇದ ತಿಳಿಯೂದಿಲ್ಲ. ಎದಕ್ಕೂ ಕೈ ಒರಸೂದ ಅವರ ಧರ್ಮ."

ಈ ಮಾತು ಎಷ್ಟು ಖರೆ ಎಂಬುದನ್ನು ಪರಶುರಾಮ ತೋರಿಸಿಕೊಟ್ಟ. ಅವನು ಖಾನಾಪುರದ ಲಾರಿ ಚಾಲಕ, ಕಣಕುಂಬಿ ಕಡೆಯ ಕಾಡಿನಿಂದ ಕಟ್ಟಿಗೆ ತರುತ್ತಿದ್ದ. ಮನೆಯಲ್ಲಿ ಮರಾಠಿ, ಹೊರಗೆ ಎಲ್ಲ ಭಾಷೆ. ಅವನ ಲಾರಿ ಬರುತ್ತಿದೆ ಎಂದು ಹೊಗೆಯಿಂದಲೇ ತಿಳಿಯುತ್ತಿತ್ತು. ಒಂದು ಸಲ ಲಾರಿಯನ್ನು ಇನ್ನೊಂದು ಲಾರಿಗೆ ಕಟ್ಟಿ ಎಳೆದುಕೊಂಡು ಬಂದ. ಎಂಜಿನ್ ಬಿಚ್ಚಿದಾಗ ಪಿಸ್ಟನ್ನಿನ ತಲೆಯ ಮೇಲೆ ತೂತು, ಅಂಚು ಕರಗಿ ಹೊಳೆಯುತ್ತಿತ್ತು. ಹನಿ ಬಿದ್ದು ಬಿದ್ದು ಸುಟ್ಟ ತೂತು.

ಉಸ್ತಾದರು ನಾಝಲ್ ಹಿಡಿದು ಕೇಳಿದರು. "ಪರಶ್ಯಾ, ಇದನ್ನ ಬಿಚ್ಚಿದವ ಯಾರು?"

"ನಾನ ಚಾಚಾ. ಹೊಗಿ ಭಾಳ ಆಗಿತ್ತು. ಎಲ್ಲಾ ಬಿಚ್ಚಿ ಒಂದ ಪರಾತದಾಗ ಹಾಕಿ ಮಸ್ತ್ ತೊಳದೆ. ಅಂಗೀಲೆ ಒರಸಿದೆ."

"ಎಲ್ಲಾ ಸೂಜಿ ಒಂದ ಪರಾತದಾಗ?"

"ಹೌದು. ಸೂಜಿ ಸೂಜಿನ ಅಲಾ?"

"ಹೌದಪ್ಪಾ. ಲಗ್ನದ ಮನಿ ಮುಂದ ಚಪ್ಪಲಿ ಚಪ್ಪಲಿನ. ಕೈಗೆ ಬಂದದ್ದ ಮೆಟಗೊಂಡ ಹೋಗೀದಿ ನೋಡು. ಈಗ ಕುಂಟಾಕತ್ತೀದಿ."

ಪರಶುರಾಮ ನನ್ನ ಕಡೆ ನೋಡಿ, "ಅಕ್ಕಾ, ನಿಮ್ಮ ಉಸ್ತಾದ ಬೈಯೂದು ಶರಬತ್ ಕುಡಿಸಿದಂಗ ಇರ್ತೈತಿ, ಆಮ್ಯಾಲ ಹೊಟ್ಟಿ ಉರೀತೈತಿ" ಎಂದ.

ಜೋಡಿ ತಪ್ಪಿದ ಸೂಜಿ ಗಟ್ಟಿಯಾಗಿ ಕೂರುವುದಿಲ್ಲ. ಮಂಜಾಗಿ ಹೊಡೆಯಬೇಕಾದ ಎಣ್ಣೆ ತೊಟ್ಟಿಕ್ಕುತ್ತದೆ. ತೊಟ್ಟು ಗಾಳಿಯಲ್ಲಿ ಉರಿದು ತೀರದೆ ಪಿಸ್ಟನ್ನಿನ ಮೇಲೆ ಬಿದ್ದು ಅಲ್ಲೇ ಉರಿಯುತ್ತದೆ. ಈ ಲೆಕ್ಕ ನನಗೆ ಅಂದೇ ತಲೆಗೆ ಹೋಯಿತು. ಆದರೆ ಕಿಡಿ ಇಲ್ಲ, ಬತ್ತಿ ಇಲ್ಲ, ಎಣ್ಣೆ ಹೊತ್ತುವುದು ಹೇಗೆ ಎಂದು ಕೇಳಿದೆ.

"ಸೈಕಲ್ಲಿಗೆ ಗಾಳಿ ಹೊಡಿಯೂ ಮುಂದ ಪಂಪಿನ ಬುಡ ಮುಟ್ಟಿ ನೋಡೀದಿ? ಬಿಸಿ ಇರ್ತೈತೆಲಾ? ಎಂಜಿನ್ನ್ಯಾಗ ಗಾಳೀನ ಅದಕ್ಕಿಂತ ಎಷ್ಟೋ ಪಾಲು ಒತ್ತಿ ಹಿಡಿತಾರ. ಆ ಗಾಳಿನ ಬೆಂಕಿ. ನಮ್ಮ ಕೆಲಸ ಏನಂದ್ರ, ಆ ಬೆಂಕಿಯೊಳಗ ಎಣ್ಣೀನ ಹುಡಿ ಮಾಡಿ ಒಗಿಯೂದು."

ವರ್ಷ ಕಳೆದ ಮೇಲೆ ನನ್ನನ್ನು ಟೆಸ್ಟರಿನ ಮುಂದೆ ಕೂರಿಸಿದರು. ಟೆಸ್ಟರ್ ಎಂದರೆ ಒಂದು ಹ್ಯಾಂಡಲ್ಲು, ಒಂದು ಕಬ್ಬಿಣದ ನಳಿಗೆ, ತುದಿಗೆ ನಾಝಲ್. ಹ್ಯಾಂಡಲ್ ಒತ್ತಿದರೆ ನಾಝಲ್ ಹೊಡೆಯುತ್ತದೆ. ಒಳ್ಳೆಯ ನಾಝಲ್ ಹೊಡೆಯುವಾಗ ಕಿರ್ರ್ ಎಂದು ಬಾಗಿಲು ಕಿರುಗುಟ್ಟಿದಂತೆ ಕೂಗುತ್ತದೆ. ಕೆಟ್ಟದ್ದು ಪುಸ್ ಎನ್ನುತ್ತದೆ. ಹೆಂಚು ಬಡಿದ ಕಿವಿ ನನ್ನದು. ಇದು ನನಗೆ ಬೇಗ ಬಂತು.

ಕಿವಿಯ ಪರೀಕ್ಷೆ ಆದ ಮೇಲೆ ಅಂಗೈಯ ಪರೀಕ್ಷೆ. ಇದು ನಮ್ಮ ಶೆಡ್ಡಿನ ಪದ್ಧತಿ. ಬೇರೆ ಕಡೆಯೂ ಇತ್ತು ಎಂದು ಕೇಳಿದ್ದೇನೆ. ಎಡಗೈಯಲ್ಲಿ ಹ್ಯಾಂಡಲ್ ಒತ್ತಬೇಕು, ಬಲ ಅಂಗೈಯನ್ನು ಮೊಳದಷ್ಟು ದೂರದಲ್ಲಿ ಒಡ್ಡಬೇಕು. ಮಂಜು ಬಂದು ಅಂಗೈಗೆ ತಾಗುತ್ತದೆ. ತಣ್ಣಗೆ, ಹಗುರವಾಗಿ, ಚಳಿಗಾಲದ ಬೆಳಗಿನಲ್ಲಿ ಬಾಗಿಲು ತೆಗೆದಾಗ ಮುಖಕ್ಕೆ ತಾಗಿದ ಹಾಗೆ. ಎಲ್ಲ ಕಡೆ ಒಂದೇ ಸಮ ತಾಗಿದರೆ ಪಾಸು. ಒಂದು ಕಡೆ ಚುರುಕ್ಕೆಂದರೆ ಅಲ್ಲಿ ಧಾರೆ ಇದೆ, ಮಂಜಾಗಿಲ್ಲ ಎಂದರ್ಥ. ಉಸ್ತಾದರು ಕಣ್ಣು ಮುಚ್ಚಿ ಅಂಗೈಯಲ್ಲೇ ಹೇಳುತ್ತಿದ್ದರು. ಅವರು ಪಾಸು ಮಾಡಿದ ನಾಝಲ್ ಹೊಗೆ ಕಾರಿದ್ದನ್ನು ನಾನು ನೋಡಿಲ್ಲ. ನಾವೆಲ್ಲ ಅವರ ಹಾಗೆ ಕೈ ಒಡ್ಡಿದೆವು.

ಪಂಪಿನ ಕಂಪನಿಯವರು ಆಗಾಗ ಒಬ್ಬ ಎಂಜಿನಿಯರನ್ನು ಕಳಿಸುತ್ತಿದ್ದರು. ಜೋಶಿ ಸಾಹೇಬರು, ಪುಣೆಯ ಕಡೆಯವರು. ಎಳೆ ವಯಸ್ಸು, ದಪ್ಪ ಕನ್ನಡಕ. ಉಸ್ತಾದರು ಅಂಗೈ ಒಡ್ಡಿದ್ದನ್ನು ಮೊದಲ ಸಲ ನೋಡಿದಾಗ ಸಾಹೇಬರು ಕೂಗಿಕೊಂಡರು.

"ಉಸ್ತಾದ, ಹಾತ ಕಾಢಾ! ಕೈ ತಗೀರಿ!"

"ಯಾಕ್ರಿ ಸಾಹೇಬ್ರ? ನಿಮ್ಮ ಒತ್ತಡ ನೋಡೂ ಗಡಿಯಾರದ ಮುಳ್ಳು ಹುಟ್ಟೂಕಿಂತ ಮೊದಲ ಇದು ಐತ್ರಿ."

"ದೂರ ಇದ್ದಾಗ ಹನಿ ಚದುರಿ ಹೋಗ್ತದ, ಏನೂ ಆಗೂದಿಲ್ಲ. ಹತ್ತಿರ ಬಂದ್ರ ಅದು ಚರ್ಮ ದಾಟಿ ಒಳಗ ಹೋಗ್ತದ. ನೋವು ಆಗೂದಿಲ್ಲ, ರಕ್ತ ಬರೂದಿಲ್ಲ. ಒಂದು ಬಿಳಿ ಚುಕ್ಕಿ ಅಷ್ಟ. ಮರುದಿನ ಕೈ ಕೊಳೀತದ. ನೋವಿಲ್ಲಂತ ನಂಬಬ್ಯಾಡ್ರಿ. ಆವಾಗಿಂದಾವಾಗ ದವಾಖಾನಿಗೆ ಹೋಗ್ರಿ, ಕೊಯ್ಸಿ ತಗಸ್ರಿ. ನೋಡೂದಿದ್ರ ಕೈ ಬದಲಿ ಹಲಗಿಗೆ ಪೇಪರ್ ಹಚ್ಚಿ ನೋಡ್ರಿ."

ಉಸ್ತಾದರು ನಕ್ಕರು. ನಾನು ನಗಲಿಲ್ಲ. ಹಾಗೆಂದು ಕೈಯನ್ನೂ ತೆಗೆಯಲಿಲ್ಲ. ಉಸ್ತಾದರ ಮುಂದೆ ಎಂಜಿನಿಯರರ ಮಾತು ಕೇಳಿದರೆ ಅವರಿಗೆ ಬೇಜಾರಾದೀತು ಎಂಬ ಲೆಕ್ಕ.

ಆದರೂ ಜೋಶಿ ಸಾಹೇಬರು ದೊಡ್ಡ ಮನುಷ್ಯ. ತಿಳಿದದ್ದನ್ನು ನಮ್ಮಂಥವರಿಗೆ ಹೇಳಲು ಅವರಿಗೆ ಬೇಸರ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಸ್ಟೋವಿನ ಮೇಲೆ ತವಾ ಇಟ್ಟು ರೊಟ್ಟಿ ಬಿಸಿ ಮಾಡುತ್ತಿದ್ದೆ. ಅವರು ಬಂದು ಅಲ್ಲೇ ಕುಕ್ಕರುಗಾಲಲ್ಲಿ ಕೂತರು.

"ನೀಲವ್ವ, ತವಾಕ್ಕ ಒಂದು ಹನಿ ನೀರು ಹಾಕ್ರಿ."

ಹಾಕಿದೆ. ಚುಂಯ್ ಎಂದು ಒಣಗಿತು.

"ಈಗ ಉರಿ ಜೋರ್ ಮಾಡ್ರಿ. ತವಾ ಚಲೋ ಕಾಯಲಿ. ಈಗ ಹಾಕ್ರಿ."

ಹಾಕಿದೆ. ಹನಿ ಒಣಗಲಿಲ್ಲ. ಗುಂಡಾಗಿ ತವಾದ ತುಂಬ ಓಡಾಡಿತು. ಇದನ್ನು ಎಲ್ಲ ಹೆಂಗಸರೂ ನೋಡಿರುತ್ತಾರೆ. ತವಾ ಕಾದಿದೆಯೋ ಇಲ್ಲವೋ ಎಂದು ನಾವು ಹೀಗೇ ನೋಡುವುದು. ಆದರೆ ಯಾಕೆ ಎಂದು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಬಿಸಿ ಹೆಚ್ಚಾದ್ರ ಹನಿ ಲಗೂನ ಸಾಯಬೇಕಲ್ರಿ ಸಾಹೇಬ್ರ. ಇದು ಕುಣೀತೈತಿ."

"ತನ್ನ ಉಗೀನ ತನ್ನ ಬುಡಕ್ಕ ಹಾಸಿಕೊಂಡದ. ಗಾದಿ ಇದ್ದಂಗ. ತವಾ ಅದನ್ನ ಮುಟ್ಟೂದಿಲ್ಲ. ಅದಕ್ಕ ಹನಿ ಅಂದ್ರ ಬರೇ ನೀರಲ್ಲ, ಎಣ್ಣಿ ಅಲ್ಲ. ಅದಕ್ಕ ಒಂದು ಮೈ ಅದ, ಆ ಮೈಗೆ ಒಂದು ಸಿಪ್ಪಿ ಅದ. ಬಿಸಿ ಹೊರಗಿಂದ ಒಳಗ ಹೋಗಬೇಕು, ಉಗಿ ಒಳಗಿಂದ ಹೊರಗ ಬರಬೇಕು. ಹನಿ ದುಪ್ಪಟ್ಟು ದಪ್ಪ ಆದ್ರ ಉರಿದು ತೀರಾಕ ನಾಲ್ಕು ಪಟ್ಟು ಹೊತ್ತು ಬೇಕು. ಎಂಜಿನ್ನ್ಯಾಗ ಅಷ್ಟು ಹೊತ್ತು ಎಲ್ಲದ? ಕಣ್ಣು ಪಿಳುಕಿಸೂದ್ರಾಗ ಮುಗದಿರ್ತದ."

ಉಸ್ತಾದರು ರೊಟ್ಟಿ ಮುರಿಯುತ್ತ, "ಹಂಗಾದ್ರ ಭಾಳ ಸಣ್ಣ ಮಾಡಿದ್ರ ಭಾಳ ಚಲೋ ಏನ್ರಿ?" ಎಂದರು.

"ಅಲ್ಲ ಉಸ್ತಾದ. ಭಾಳ ಸಣ್ಣ ಆದ್ರ ದೂರ ಹೋಗೂದಿಲ್ಲ. ಬಾಯಿ ಮುಂದನ ನಿಂತುಬಿಡ್ತದ. ದೂರದ ಗಾಳಿ ಕೆಲಸ ಇಲ್ಲದ ಕೂಡ್ತದ."

"ಅಂದ್ರ ಮಕ್ಕಳ ಹಂಗ. ಲಗೂನ ದುಡೀಬೇಕು, ಮನಿ ದಾಟಿ ದೂರನೂ ಹೋಗಬೇಕು" ಎಂದರು ಉಸ್ತಾದರು. ಎಲ್ಲರೂ ನಕ್ಕೆವು.

ಜೋಶಿ ಸಾಹೇಬರು ಮಾತ್ರ ತವಾದ ಕಡೆಯೇ ನೋಡುತ್ತಿದ್ದರು. ಆಮೇಲೆ ಹೇಳಿದರು. "ಇನ್ನೊಂದು ಮಾತು ಅದ. ದೊಡ್ಡ ಎಂಜಿನ್ನು, ಭಾರ ಎಳಿಯಾಕತ್ತದ, ಒಳಗ ಬಿಸಿನೂ ಒತ್ತಡನೂ ವಿಪರೀತ ಅಂತ ತಿಳೀರಿ. ಒತ್ತಡ ಒಂದು ಮೇರೆ ದಾಟಿದ್ರ ಹನಿ ಕಾಯ್ದು ಕಾಯ್ದು ಕುದಿಯೂದ ಇಲ್ಲ. ಅದರ ಸಿಪ್ಪಿನ ಕರಗಿ ಹೋಗ್ತದ. ಎಲ್ಲಿ ಎಣ್ಣಿ ಮುಗೀತು, ಎಲ್ಲಿ ಗಾಳಿ ಶುರುವಾತು ಹೇಳಾಕ ಬರೂದಿಲ್ಲ. ಬೆಲ್ಲದ ಪಾಕ ನೀರಿನ್ಯಾಗ ಬಿಟ್ರ ಎಳಿ ಎಳಿ ಆಗಿ ಬೆರೀತದಲ್ಲ, ಹಂಗ."

"ನೀವು ನೋಡೀರಿ?" ಎಂದೆ.

"ಇಲ್ಲವ್ವ. ಓದೀನಿ. ಎಂಜಿನ್ ಒಳಗ ಕಣ್ಣು ಇಡಾಕ ಆಗೂದಿಲ್ಲ. ಅದು ಹಂಗನ ನಡೀತದೋ ಇಲ್ಲೋ ಅಂತ ದೊಡ್ಡ ದೊಡ್ಡ ಮಂದಿ ಇನ್ನೂ ಜಗಳಾಡತಾರ."

ನೋಡಿಲ್ಲ ಎಂದು ಬಾಯಿಬಿಟ್ಟು ಹೇಳಿದ ಆ ಮನುಷ್ಯನ ಮೇಲೆ ನನಗೆ ಅವತ್ತೇ ನಂಬಿಕೆ ಬಂತು. ಸಂಜೆ ಮನೆಗೆ ಹೋಗಿ ನೀರಿನ ಲೋಟದಲ್ಲಿ ಬೆಲ್ಲದ ಪಾಕ ಬಿಟ್ಟು ನೋಡಿದೆ. ಎಳೆ ಎಳೆಯಾಗಿ ಇಳಿಯಿತು, ಅಂಚು ಸಿಗಲಿಲ್ಲ. ಅಕ್ಕ, "ನಿನಗ ಡೀಸೆಲ್ ತಲಿಗೇರೇತಿ" ಎಂದಳು. ಏರಿರಬಹುದು. ಅಲ್ಲಿಂದ ಮುಂದೆ ಜಾಂಬೋಟಿಯ ಕಡೆ ಏರು ಹತ್ತುವ ಲಾರಿಯ ಸದ್ದು ಕೇಳಿದಾಗಲೆಲ್ಲ ನಾನು ಹನಿಗಳನ್ನೇ ನೆನೆಯುತ್ತಿದ್ದೆ. ಒಂದು ಹೊಡೆತಕ್ಕೆ ಎಷ್ಟು ಸಾವಿರ ಹನಿ, ಅಷ್ಟೂ ಹುಟ್ಟಿ ಅಷ್ಟೂ ಉರಿದು ಲಾರಿಯನ್ನು ಒಂದು ಗೇಣು ಮೇಲೆ ತಳ್ಳಿದವು. ಅಂಥ ಕೆಲಸಗಾರರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು ಉಸ್ತಾದರ ಕೈಯ ವಿಷಯ.

ಪರಶುರಾಮ ಈ ಸಲ ಬುದ್ಧಿವಂತನಾಗಿ, ನಾಝಲ್‌ಗಳನ್ನು ಬಿಚ್ಚದೆ ಹಾಗೇ ತಂದಿದ್ದ. ಡಿಪೋದಲ್ಲಿ ಕಟ್ಟಿಗೆ ತುಂಬಿ ಲಾರಿ ನಿಂತಿತ್ತು, ಅವಸರವಿತ್ತು. ಎಲ್ಲ ನಾಲ್ಕು ತೂತಿನ ನಾಝಲ್. ಒಂದು ನಾಝಲ್ಲಿನ ತೂತೊಂದು ಕಟ್ಟಿಕೊಂಡಿದೆ ಎಂದು ಸದ್ದಿನಿಂದಲೇ ಗೊತ್ತಾಯಿತು. ಯಾವುದು ಎಂದು ಗೊತ್ತಾಗಲಿಲ್ಲ. ನಾಲ್ಕೂ ತೂತಿನ ಮಂಜು ಮೊಳ ದೂರದಲ್ಲಿ ಕೂಡಿಕೊಳ್ಳುತ್ತದೆ, ಅಂಗೈಗೆ ತಿಳಿಯುವುದಿಲ್ಲ. ಉಸ್ತಾದರು ತೋರುಬೆರಳನ್ನು ನಾಝಲ್ಲಿನ ತುದಿಗೆ ತಂದು ಒಂದೊಂದೇ ತೂತಿನ ಮುಂದೆ ಹಿಡಿದು ಹ್ಯಾಂಡಲ್ ಒತ್ತಿದರು. ಕಿರ್ರ್. ಕಿರ್ರ್. ಮೂರನೆಯದಕ್ಕೆ ಕೈ ಹಿಂದಕ್ಕೆ ಎಳೆದುಕೊಂಡರು.

ನಾನು ಹತ್ತಿರ ಹೋಗಿ ಬೆರಳು ಹಿಡಿದು ನೋಡಿದೆ. ತುದಿಯಲ್ಲಿ ಬಿಳಿ ಚುಕ್ಕಿ. ರಕ್ತ ಇಲ್ಲ.

"ನೋವು ಆಗ್ತೈತೇನ್ರಿ?"

"ಏನೂ ಇಲ್ಲ. ಇರಿವಿ ಕಡದಂಗಾತು. ಬಿಡು."

"ಏಳ್ರಿ ಉಸ್ತಾದ. ದವಾಖಾನಿಗೆ ಹೋಗೂಣು."

"ಹುಚ್ಚಿ ಅದಿಯೇನ? ಪರಶ್ಯಾನ ಲಾರಿ ನಿಂತೈತಿ. ಇದೊಂದು ಮುಗಿಸ್ತೀನಿ."

"ಜೋಶಿ ಸಾಹೇಬ್ರು ಏನಂದಿದ್ರು?"

"ಆ ಪೋರ ಸಾವಿರ ಅಂತಾನ."

ಅವರ ಕೈ ಮತ್ತೆ ಹ್ಯಾಂಡಲ್ಲಿಗೆ ಹೋಯಿತು. ನಾನು ವಾದ ಮಾಡಲಿಲ್ಲ. ಹ್ಯಾಂಡಲ್ಲಿನ ಪಿನ್ನು ಎಳೆದು, ಹ್ಯಾಂಡಲ್ ಕಿತ್ತು ಬಗಲಲ್ಲಿ ಇಟ್ಟುಕೊಂಡು ಹೊರಗೆ ನಿಂತೆ. ನಾನು ಅವರ ಕೈಕೆಳಗಿದ್ದ ಅಷ್ಟೂ ವರ್ಷದಲ್ಲಿ ಉಸ್ತಾದರು ನನ್ನನ್ನು ಬೈದದ್ದು ಅವತ್ತೊಂದೇ ಸಲ. ದಖನಿ ಉರ್ದುವಿನಲ್ಲಿ ಬೈದರು, ಅರ್ಧ ನನಗೆ ತಿಳಿಯಲಿಲ್ಲ, ತಿಳಿದ ಅರ್ಧ ಬರೆಯುವಂಥದ್ದಲ್ಲ.

ಪರಶುರಾಮ ಒಂದು ಸಲ ಅವರ ಮುಖ ನೋಡಿದ, ಒಂದು ಸಲ ನನ್ನದು. ಆಮೇಲೆ, "ಚಾಚಾ, ಲಾರಿ ನಾಳಿ ಹೋದೀತು. ಅಕ್ಕ ಹ್ಯಾಂಡಲ್ ಕೊಡೂ ಹಂಗ ಕಾಣೂದಿಲ್ಲ. ನಡೀರಿ" ಎಂದ. ಸಾವಕಾರರು ಗದ್ದಲ ಕೇಳಿ ಬಂದು, ಸ್ಕೂಟರ್ ತೆಗೆದು ಉಸ್ತಾದರನ್ನು ಕೂರಿಸಿಕೊಂಡರು. ನಾನು, ಪರಶುರಾಮ ಹಿಂದಿನಿಂದ ಟಾಂಗಾದಲ್ಲಿ ಹೋದೆವು. ಹ್ಯಾಂಡಲ್ ಬಗಲಲ್ಲೇ ಇತ್ತು. ಬಿಟ್ಟು ಬರಲು ಧೈರ್ಯವಾಗಲಿಲ್ಲ.

ದವಾಖಾನೆಯಲ್ಲಿ ಕಂಪೌಂಡರ್ ಬೆರಳು ನೋಡಿ ಅಯೋಡಿನ್ ತಂದ. "ಇಷ್ಟಕ್ಕ ಇಷ್ಟು ಮಂದೀ?" ಎಂದು ನಕ್ಕ. ಉಸ್ತಾದರು ನನ್ನ ಕಡೆ ನೋಡಿ, "ಕೇಳು" ಎಂದರು. ನಾನು ಜೋಶಿ ಸಾಹೇಬರ ಮಾತನ್ನು ಗಟ್ಟಿಯಾಗಿಯೇ ಹೇಳಿದೆ. ಒಳಗಿನಿಂದ ಒಬ್ಬ ಹಿರಿಯ ಡಾಕ್ಟರು ಎದ್ದು ಬಂದರು. ಮೊದಲು ಸೈನ್ಯದಲ್ಲಿದ್ದವರು. ಅಲ್ಲಿನ ವರ್ಕ್‌ಶಾಪಿನಲ್ಲಿ ಗ್ರೀಸ್ ಹೊಡೆಯುವ ಗನ್ನಿನಿಂದ ಹೀಗೇ ಆದ ಕೈ ನೋಡಿದ್ದರಂತೆ.

"ಎಷ್ಟು ಜೋರ್ ಇರ್ತದ ಅದು?"

"ಸೈಕಲ್ ಗಾಲಿಯೊಳಗಿನ ಗಾಳಿಗಿಂತ ಐವತ್ತು ಪಟ್ಟು ಅಂತ ಜೋಶಿ ಸಾಹೇಬ್ರು ಹೇಳಿದ್ರರಿ."

ಅವರು ಬೆರಳಿನ ಬುಡದಿಂದ ತುದಿಯ ತನಕ ಒತ್ತುತ್ತ ಬಂದರು. ಆ ಬಿಳಿ ಚುಕ್ಕಿಯಿಂದ ಒಂದು ಹನಿ ಹೊರಗೆ ಬಂತು. ಡಾಕ್ಟರು ಮೂಸಿ ನೋಡಿದರು. ಮುಖ ಬದಲಾಯಿತು. "ಊಟ ಯಾವಾಗ ಮಾಡೀರಿ?" ಎಂದು ಉಸ್ತಾದರನ್ನು ಕೇಳಿದರು, ಕಂಪೌಂಡರನಿಗೆ ಆಪರೇಷನ್ ಕೋಣೆ ಸಜ್ಜು ಮಾಡಲು ಹೇಳಿದರು. ಬೆರಳಿನ ಒಳಗೆ ನರದ ಗುಂಟ ಎಣ್ಣೆ ಅಂಗೈ ತನಕ ಓಡಿರಬಹುದು, ಎಲ್ಲಿ ತನಕ ಹೋಗಿದೆ ಎಂದು ಕೊಯ್ದೇ ನೋಡಬೇಕು ಎಂದರು.

ಆಗ ಉಸ್ತಾದರು ಮೊದಲ ಸಲ ಹೆದರಿದರು. "ಡಾಕ್ಟರ್ ಸಾಬ್, ಬೆರಳು ಹೋದ್ರ ಹೋಗ್ಲಿ. ಅಂಗೈ ಉಳಸ್ರಿ. ನನ್ನ ಕಸಬೆಲ್ಲಾ ಅದರಾಗ ಐತಿ."

ಅವರ ಹೆಂಡತಿ ಕ್ಯಾಂಪಿನಿಂದ ಓಡುತ್ತ ಬಂದರು. ವಿಷಯ ಕೇಳಿ, ಬಾಗಿಲ ಹೊರಗೆ ಕೂತು, "ಇಷ್ಟು ವರ್ಷ ಡೀಸೆಲ್ ವಾಸನಿ ಮೈ ಮ್ಯಾಲ ಇತ್ತು. ಈಗ ಒಳಗೂ ಹೋತು" ಎಂದರು. ಅಳಲಿಲ್ಲ. ನಾನೂ ಅಳಲಿಲ್ಲ. ಇಬ್ಬರೂ ಹ್ಯಾಂಡಲ್ಲನ್ನು ನಡುವೆ ಇಟ್ಟುಕೊಂಡು ಕೂತೆವು.

ಡಾಕ್ಟರು ಹೊರಗೆ ಬಂದಾಗ ಇನ್ನೂ ಬೆಳಕಿತ್ತು. ಎಣ್ಣೆ ಬೆರಳು ದಾಟಿ ಅಂಗೈಯ ಅಂಚಿಗೆ ಬಂದಿತ್ತು, ತೆರೆದು ತೊಳೆದಿದ್ದೇವೆ, ನಾಳೆ ಬಂದಿದ್ದರೆ ಮಣಿಕಟ್ಟಿನಿಂದಲೇ ಕೈ ಕತ್ತರಿಸಬೇಕಾಗುತ್ತಿತ್ತು ಎಂದರು. ಆ ತೋರುಬೆರಳು ಮುಂದೆ ಮಡಚಲಿಲ್ಲ, ಕಡ್ಡಿಯ ಹಾಗೆ ನಿಂತಿತು. ಅಂಗೈ ಉಳಿಯಿತು. ಉಸ್ತಾದರು ಆಮೇಲೂ ಬಹಳ ವರ್ಷ ಸೂಜಿ ಮಸೆದರು. ಬೈಯುವಾಗ ಆ ಬೆರಳು ತಾನೇ ತಾನಾಗಿ ಎದುರಿನವರನ್ನು ತೋರಿಸುತ್ತಿತ್ತು, ಅದಕ್ಕೆ ಬೈಗುಳ ಇನ್ನೂ ಹರಿತವಾಯಿತು. ಮುಂದೆ ಮಂಜನ್ನು ಹೊರಗಿನಿಂದಲೇ ನೋಡಲು ಗಾಜಿನ ಭರಣಿ ಬಂತು, ಒತ್ತಡ ತೋರಿಸುವ ಮುಳ್ಳಿನ ಟೆಸ್ಟರ್ ಬಂತು. ಜೋಶಿ ಸಾಹೇಬರು ಮತ್ತೊಮ್ಮೆ ಬಂದಾಗ ಉಸ್ತಾದರು ಎದ್ದು ನಿಂತು ಅವರಿಗೆ ತಮ್ಮ ಸ್ಟೂಲು ಕೊಟ್ಟರು. ಇದೆಲ್ಲ ಆಮೇಲಿನದು.

ಆಪರೇಷನ್ ಆದ ದಿನ ಸಂಜೆ ಎಚ್ಚರವಾದಾಗ ಉಸ್ತಾದರು ಕೇಳಿದ ಮೊದಲ ಮಾತು ಇದು. "ಯಾವ ತೂತು ಕಟ್ಟಿತ್ತು, ನೋಡಿದೇನು?"

"ಇಲ್ರಿ. ಹ್ಯಾಂಡಲ್ ನನ್ನ ಕಡೆ ಐತಿ."

"ಹಂಗಾದ್ರ ಮುಂಜಾನೆ ಹೋಗಿ ನೋಡು. ಪರಶ್ಯಾ ಕಾಯತಾನ."

ಮರುದಿನ ಬೆಳಿಗ್ಗೆ ಶೆಡ್ಡಿಗೆ ಹೋಗಿ ಹ್ಯಾಂಡಲ್ ಮತ್ತೆ ಜೋಡಿಸಿದೆ. ಜೋಶಿ ಸಾಹೇಬರು ಹೇಳಿದ್ದ ಹಾಗೆ ಒಂದು ಹಲಗೆಗೆ ಹಳೆಯ ಪೇಪರು ಹಚ್ಚಿ ನಾಝಲ್ಲಿನ ಮುಂದೆ ಹತ್ತಿರವೇ ನಿಲ್ಲಿಸಿದೆ. ಉಸ್ತಾದರ ಸ್ಟೂಲಿನ ಮೇಲೆ ಕೂತು ಎಡಗೈಯಲ್ಲಿ ಹ್ಯಾಂಡಲ್ ಹಿಡಿದೆ. ಬಲಗೈ ಯಾರೂ ಹೇಳದೆ ತಾನಾಗಿ ಮುಂದಕ್ಕೆ ಹೋಯಿತು. ಹಿಂದಕ್ಕೆ ತಂದು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತೆ. ಒತ್ತಿದೆ. ಪೇಪರಿನ ಮೇಲೆ ಮೂರು ಕಲೆ ಬಿದ್ದವು. ನಾಝಲ್ ಬಿಚ್ಚಿ, ಸೂಜಿಯನ್ನು ಅದರ ವಾಟಿಯಲ್ಲಿ ಇಟ್ಟು, ಕಟ್ಟಿಕೊಂಡಿದ್ದ ನಾಲ್ಕನೆಯ ತೂತಿಗೆ ತಂತಿ ಹಾಕಿದೆ.